ಉಜ್ಜಿದರೂ ಹೋಗದ ಮೂಗು

12 ಸೆಪ್ಟೆಂಬರ್ 2025, ಶುಕ್ರವಾರ, ಸುಳ್ಯ

ಎರಡು ದಿನಗಳ ಚಿಂತೆ ಇಂದು ನಗುವಿನಲ್ಲಿ ಕರಗಿತು. ನಾನು ಪಾಠ ಮಾಡುವ ಕಾಲೇಜಿನ ಭಿತ್ತಿಪತ್ರಿಕೆಗೆ ವಿದ್ಯಾರ್ಥಿನಿ ಭವಿತಾ ಗಾಜಾದ ಮಕ್ಕಳ ಕುರಿತು ಲೇಖನ ಬರೆದಿದ್ದಳು. ಅವಳ ಸಹಪಾಠಿ ಹರ್ಷಿತ್ ಅದರ ಪಕ್ಕದಲ್ಲಿ ಯಹೂದಿಯೆಂದು ಕೊಕ್ಕೆಮೂಗಿನ ರಾಕ್ಷಸನನ್ನು ಬಿಡಿಸಿದ್ದ. ಚಿತ್ರ ಹೋಗದಿದ್ದರೆ ಪತ್ರಿಕೆಯನ್ನೇ ತೆಗೆಸುವುದಾಗಿ ಪ್ರಾಂಶುಪಾಲರು ಹೇಳಿದ್ದರು.

“ಯುದ್ಧ ಮಾಡುದು ಸರಕಾರ. ಯಹೂದಿಗಳೆಲ್ಲ ಎಂತ ಮಾಡಿದ್ದಾರೆ?” ಎಂದಳು ಭವಿತಾ, ಇಂದು ಪತ್ರಿಕೆಯ ಮುಂದೆ ನಿಂತು.

“ಯಕ್ಷಗಾನದಲ್ಲಿ ನಾನೂ ರಾಕ್ಷಸ ಆಗುದಿಲ್ವಾ?” ಎಂದ ಹರ್ಷಿತ್.

“ನಿನ್ನ ವೇಷದ ಬಣ್ಣ ಎಣ್ಣೆ ಹಚ್ಚಿ ಉಜ್ಜಿದರೆ ಹೋಗ್ತದೆ ಮಾರಾಯ. ಮೂಗು ಹೋಗ್ತದಾ? ನಿಂದೂ ಹಾಗೇ ಕೊಕ್ಕೆ ಉಂಟು!” ಎಂದಳು ಅವಳು.

ಹರ್ಷಿತ್ ಮೂಗು ಮುಟ್ಟಿಕೊಂಡು ನಕ್ಕು, ಚಿತ್ರವನ್ನು ತಾನೇ ಕಿತ್ತ. ಲೇಖನ ಉಳಿಯಿತು. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಉಪದೇಶದ ಒಂದು ಮಾತೂ ಬೇಕಾಗಲಿಲ್ಲ; ಅಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ. ಆ ಖಾಲಿ ಜಾಗದಲ್ಲಿ ನಾಳೆ ಅವನು ಏನು ಬಿಡಿಸುವನೋ ಎಂದು ಯೋಚಿಸುತ್ತಾ ನಿದ್ದೆಯೇ ಬರುತ್ತಿಲ್ಲ.