ಮಧ್ಯಂತರದಲ್ಲಿ ಹಾಕಿದ ಗಂಟು

ಪ್ರಿಯ ವಾರೆನ್,

ನಮ್ಮೂರಿನ ಪತ್ರಿಕೆ ಬರೆದಿರುವುದು ಸರಿಯಲ್ಲ. ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ನಿಮ್ಮ ಆ ಲ್ಯಾಕ್ರಾಸ್ ಆಟದ ಶನಿವಾರದ ಪಂದ್ಯದಲ್ಲಿ ಗೋಲ್‌ಕೀಪರ್ ಹುಡುಗಿಯ ಕೋಲಿನ ಬಲೆ ಹರಿದಾಗ ಅದನ್ನು ಕಟ್ಟಿಕೊಟ್ಟವನು ಕಾಲೇಜಿನ ಸಲಕರಣೆ ನೋಡಿಕೊಳ್ಳುವವನಲ್ಲ. ನಮ್ಮ ಮಗಳು ವಿನಿಫ್ರೆಡ್. ನೀವು ಬದುಕಿದ್ದರೆ ಸಂಪಾದಕರಿಗೆ ನೀವೇ ಬರೆಯುತ್ತಿದ್ದಿರಿ. ಈಗ ನಿಮಗೆ ಬರೆಯುತ್ತಿದ್ದೇನೆ.

ಕಾಲೇಜಿನ ಹುಡುಗಿಯರ ತಂಡದ ಮುಖ್ಯ ಕೋಚ್ ಆಗಿ ಅವಳ ಒಪ್ಪಂದ ಈ ಪಂದ್ಯದೊಂದಿಗೆ ಮುಗಿಯುವುದಿತ್ತು. ಸೋತರೆ ನವೀಕರಿಸುವುದಿಲ್ಲವೆಂದು ಕ್ರೀಡಾ ನಿರ್ದೇಶಕರು ಮೊದಲೇ ತಿಳಿಸಿದ್ದರು. ಮಧ್ಯಂತರದ ಹೊತ್ತಿಗೆ ನಾವು ಎರಡು ಗೋಲು ಹಿಂದಿದ್ದೆವು; ಬದಲಿ ಕೋಲು ಆ ಹುಡುಗಿಯ ಕೈಗೆ ಒಗ್ಗಿರಲಿಲ್ಲ. ವಿನಿ ಹರಿದ ಕೋಲನ್ನು ಮೊಣಕಾಲುಗಳ ನಡುವೆ ಹಿಡಿದು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನೀವು ಕೋಚ್ ಆಗಿದ್ದಾಗ ನಿಮ್ಮ ತಂಡದ ಹುಡುಗರ ಕೋಲುಗಳಿಗೆ ಹಾಕುತ್ತಿದ್ದ ಎರಡು ಸುತ್ತಿನ ಗಂಟನ್ನೇ ಹಾಕಿದಳು.

"ಕೋಚ್, ಇದನ್ನ ನಿಮ್ಮಪ್ಪ ಹೇಳ್ಕೊಟ್ಟಿದ್ದಾ?" ಎಂದಳು ಗೋಲ್‌ಕೀಪರ್ ಟೆಸ್.

"ಅವರು ಹುಡುಗರಿಗೆ ಮಾತ್ರ ಹೇಳ್ಕೊಡ್ತಿದ್ರು ಕಣೆ. ನಾನು ಅಡುಗೆಮನೆ ಮೇಜಿನ ಆಚೆ ಕೂತು ಹೋಮ್‌ವರ್ಕ್ ಮಾಡೋ ಹಾಗೆ ನಟಿಸ್ತಿದ್ದೆ. ಹೋಗು, ಇನ್ಮೇಲೂ ಬಾಲ್ ಬಿಟ್ರೆ ತಪ್ಪನ್ನ ನನ್ನ ಗಂಟಿನ ಮೇಲೆ ಹಾಕ್ಬೇಡ."

ಆ ಹೋಮ್‌ವರ್ಕ್ ತಿದ್ದುತ್ತಿದ್ದವಳು ನಾನು. ಅದರಲ್ಲಿದ್ದ ತಪ್ಪುಗಳಿಗೆ ಕಾರಣ ಈಗ ತಿಳಿಯಿತು.

ಒಂದು ಗೋಲಿನಿಂದ ಗೆದ್ದೆವು. ವಿನಿಯ ಕೆಲಸ ಉಳಿಯಿತು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಪತ್ರಿಕೆ ಬಿಟ್ಟಿರುವುದನ್ನು ನಾನು ಸೇರಿಸುತ್ತೇನೆ. ಗಂಟು ಹಾಕಿದಾಗ ಅಲ್ಲಿದ್ದವರು: ಟೆಸ್ ಮೊರಾನ್, ನಿಮ್ಮ ಹಳೆಯ ಸಹಾಯಕ ಡೇಲ್ ಪ್ರುಯಿಟ್, ಬೆಂಚಿನ ಹಿಂದಿನ ಸಾಲಿನಲ್ಲಿ ನಿಮ್ಮ ಹೆಂಡತಿ ಈಡಿತ್ ಆದ ನಾನು, ಮತ್ತು, ಇಷ್ಟು ವರ್ಷ ಈ ಊರು ನಿಮ್ಮೊಬ್ಬರನ್ನೇ ಕರೆಯುತ್ತಿದ್ದ ಹೆಸರಿನಲ್ಲಿ, ನಮ್ಮ ಮಗಳು, ಕೋಚ್ ಹ್ಯಾಲೊವೆಲ್.