ಸಂದಾಳ ಕೋಣೆಯ ಚಿಮಣಿ

ಜನವರಿ 9
ಜೋಳದ ಮುದ್ದೆ ತಿರುವುತ್ತಿದ್ದೆ. ಮೈದುನ ಪ್ರೇದಾ ಬಂದ. ಅವನ ಮಗಳು ಸಂದಾಗೆ ದಿನಾ ಬೆಳಿಗ್ಗೆ ತಲೆನೋವು, ವಾಂತಿಯಂತೆ. ಎದೆಯ ಮೇಲೆ ಯಾರೋ ಕೂತಂತೆ.
“ನಮ್ಮಣ್ಣ ಕೂರ್ತಾನೆ, ಅತ್ತಿಗೆ. ಸ್ತ್ರಿಗೋಯ್ ಆಗಿದಾನೆ.”
ನನ್ನ ಗಂಡ ಗ್ಲಿಗೋರ್. ಕ್ರಿಸ್‌ಮಸ್‌ಗೆ ಮುಂಚೆ ಮಣ್ಣು ಮಾಡಿದೆವು. ಈಗ ಗೋರಿಯಿಂದೆದ್ದು ನೆಂಟರ ಜೀವ ಹೀರುತ್ತಾನಂತೆ. ಬದುಕಿದ್ದಾಗ ಮಂಚದಿಂದ ಏಳುವುದಕ್ಕೇ ಸೋಮಾರಿ.
“ಆಸ್ಪತ್ರೆಗೆ ಕರ್ಕೊಂಡು ಹೋಗೋ.”
“ಹೋದ್ರೆ ಸೂಜಿ ನೆಪದಲ್ಲಿ ಚಿಪ್ ಹಾಕಿ ಕಳಿಸ್ತಾರೆ.”
ಶಾಲೆಯಲ್ಲಿ ಇವನಿಗೆ ರಸಾಯನಶಾಸ್ತ್ರ ಕಲಿಸಿದವಳು ನಾನೇ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಜನವರಿ 11
ಸಂದಾಳನ್ನು ನೋಡಲು ಹೋದೆ. ಕಿಟಕಿಗೆ ಬೆಳ್ಳುಳ್ಳಿ ಸರ, ಬೀಗದ ಕಿಂಡಿಗೆ ಮೇಣ. ಸ್ತ್ರಿಗೋಯ್ ಚಿಮಣಿಯಿಂದ ಇಳಿಯುತ್ತಾನೆಂದು ಮಲಗುವ ಹೊತ್ತಿಗೆ ಅದಕ್ಕೂ ಚಿಂದಿ ತುರುಕುತ್ತಾರೆ — ಕೆಳಗೆ ಒಲೆ ತುಂಬ ಕೆಂಡ ಇಟ್ಟುಕೊಂಡು. ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಮಗುವಿನ ಎದೆಯ ಮೇಲೆ ಕೂರುತ್ತಿರುವುದು ಅದು.
ಹೇಳಿದೆ. ಕೇಳಲಿಲ್ಲ. ಚಿಂದಿ ಕಿತ್ತೆಸೆದೆ. ಪ್ರೇದಾ ಸೌದೆ ಎತ್ತಿ ಬಾಯಿಗೆ ಬಾರಿಸಿದ. ಹಲ್ಲು ಉದುರಿತು.
“ಗಂಡನಿಗೆ ದಾರಿ ಬಿಡ್ತೀಯೇನೇ, ಮುಂಡೆ?”

ಜನವರಿ 12
ಪ್ರೇದಾ, ಊರವರು ಸೇರಿ ಗ್ಲಿಗೋರ್‌ನ ಗೋರಿ ಅಗೆದರು. ಶವಪೆಟ್ಟಿಗೆ ತಬ್ಬಿಕೊಂಡೆ. ಜುಟ್ಟು ಹಿಡಿದು ಎಳೆದರು.
ಅವನ ತುಟಿಯಲ್ಲಿ ರಕ್ತವಂತೆ. ಕೊಳೆಯುವ ಹೆಣಕ್ಕೆ ಹಾಗಾಗುತ್ತದೆ, ಅಂದೆ. ಯಾರಿಗೆ ಬೇಕು... ಕವಲುಗೋಲಿನಿಂದ ಎದೆ ಬಗೆದರು. ಹೃದಯ ಸುಟ್ಟು, ಬೂದಿ ನೀರಿಗೆ ಕದಡಿ ಸಂದಾಗೆ ಕುಡಿಸಿದರು. ಕಕ್ಕಿದಳು. ಮೂಗು ಹಿಡಿದು ಮತ್ತೆ ಕುಡಿಸಿದರು.
ನಾನು ತಲೆಯಿಟ್ಟು ಮಲಗುತ್ತಿದ್ದ ಎದೆ. ಅಳು ಬರಲಿಲ್ಲ. ಕೊಲ್ಲಬೇಕು ಅನಿಸಿತು.

ಜನವರಿ 15
ಸಂದಾ ಗುಣವಾದಳು. ಪೀಡೆ ಹೋಯಿತೆಂದು ಚಿಮಣಿ ತೆರೆದೇ ಇಟ್ಟಿದ್ದಾರಲ್ಲ, ಆಗದೇ ಏನು. ಊರೆಲ್ಲ ಬೂದಿಯ ಮಹಿಮೆ.
ಪ್ರೇದಾ ಪ್ಲಮ್ ಸಾರಾಯಿ ತಂದ. “ಮರೆತುಬಿಡು, ಅತ್ತಿಗೆ. ಅಣ್ಣನಿಗೂ ಶಾಂತಿ ಸಿಕ್ತು.”
ಬಾಟಲಿ ಅವನ ಮುಖಕ್ಕೆ ಒಡೆದೆ. ಕೆನ್ನೆ ಸೀಳಿತು. ಸಂತೋಷವಾಯಿತು — ಸುಳ್ಳೇಕೆ.
ಹೋಗುತ್ತ ಅಂದ, “ಈಗ ಗೊತ್ತಾಯ್ತು. ನೀನೂ ಅದೇ. ಬದುಕಿರೋ ಸ್ತ್ರಿಗೋಯ್.”

ಜನವರಿ 19, ಬೆಳಿಗ್ಗೆ
ಪ್ರೇದಾನ ಚಿಮಣಿಯಲ್ಲಿ ಹೊಗೆಯಿಲ್ಲ. ಈ ಚಳಿಯಲ್ಲಿ! ಮತ್ತೆ ಚಿಂದಿ ತುರುಕಿದ್ದಾರೆ, ಈ ಸಲ ನಾನು ಇಳಿದು ಬರುತ್ತೇನೆಂಬ ಭಯಕ್ಕೆ. ಕೊಡಲಿಯಿಂದ ಕಿಟಕಿ ಒಡೆದು ಸಂದಾಳನ್ನು ಹೊತ್ತು ತಂದೆ. ಪ್ರಜ್ಞೆ ಇರಲಿಲ್ಲ. ಈಗ ನನ್ನ ಮಂಚದಲ್ಲಿ ಕಣ್ಣು ಬಿಟ್ಟಿದ್ದಾಳೆ.
“ದೊಡ್ಡಮ್ಮ, ನೀನು ಸ್ತ್ರಿಗೋಯಾ?”
“ಅಲ್ಲ ಕಣೇ. ಟೀಚರು.”
ಆಂಬುಲೆನ್ಸ್‌ಗೆ ಫೋನ್ ಮಾಡಿದೆ; ಕ್ರಾಯೋವಾ ಪಟ್ಟಣದಿಂದ ಬರಬೇಕು. ದಾರಿ ತುಂಬ ಹಿಮ.

ಮಧ್ಯಾಹ್ನ
ಗೇಟಿನ ಹತ್ತಿರ ಊರೇ ನಿಂತಿದೆ. ಕವಲುಗೋಲು, ಗುದ್ದಲಿ. ಮಗಳನ್ನು ಕೊಡು ಅನ್ನುತ್ತಿದ್ದಾನೆ ಪ್ರೇದಾ. ಕೊಟ್ಟರೆ ಮತ್ತೆ ಅದೇ ಕೋಣೆ. ವಿಜ್ಞಾನ ಹೇಳಿ ಸಾಕಾಗಿತ್ತು. ಕಿಟಕಿಯಿಂದ ಕೂಗಿದೆ:
“ಹೌದು ಕಣ್ರೋ, ನಾನೇ. ಹೊಸ್ತಿಲು ದಾಟಿದವನ ಎದೆ ಬಗೆದು ತಿಂತೀನಿ.”
ಹಿಂದೆ ಸರಿದರು. ಇಷ್ಟು ವರ್ಷದಲ್ಲಿ ನಾನು ಹೇಳಿದ್ದನ್ನು ಈ ಊರು ನಂಬಿದ್ದು ಇದೊಂದೇ.

ಸ್ವಲ್ಪ ಹೊತ್ತಿನ ಮೇಲೆ
ಪೆಟ್ರೋಲ್ ವಾಸನೆ. ಗೋಡೆಗೆ ಸುರಿಯುತ್ತಿದ್ದಾರೆ. ಸಂದಾಳನ್ನು ಹಿತ್ತಿಲ ಬಾಗಿಲ ಬಳಿಗೆ ತಂದು, ನಿಂತೇ ಬರೆಯುತ್ತಿದ್ದೇನೆ.
ಪ್ರೇದಾ ಅರಚಿದ, “ನಿಲ್ಲಿಸ್ರೋ. ನನ್ನ ಮಗಳು ಒಳಗಿದಾಳೆ.”
ಯಾರೋ ಅಂದರು, “ಇಷ್ಟೊತ್ತಿಗೆ ಅವಳೂ ಅದೇ ಆಗಿರ್ತಾಳೆ.”
ಈಗ ಹಿತ್ತಿಲ ಬಾಗಿಲು ಬಡಿಯುತ್ತಿದ್ದಾನೆ. “ಅತ್ತಿಗೆ, ನಾನೊಬ್ನೇ ಇರೋದು. ತೆಗಿ... ಮಗೂನ ಕೊಡು, ಓಡ್ತೀನಿ.”
ಸಂದಾ ನನ್ನ ಮುಖ ನೋಡುತ್ತಿದ್ದಾಳೆ. ಕೊಡಲಿ ಕಂಕುಳಲ್ಲಿ, ಪೆನ್ನು ಬಲಗೈಯಲ್ಲಿ. ಎಡಗೈಯಲ್ಲಿ ಚಿಲಕ. ತೆಗೆಯುತ್ತಿದ್ದೇನೆ.