ಅಣ್ಣನಿಗೆ ನನ್ನ ಮೇಲೆ ಏನಿದೆ

ಮಾರ್ಚ್ 4, ಮಂಗಳವಾರ

ಇವತ್ತು ಎರಡು ಲಿಫ್ಟ್ ರಿಪೇರಿ. ಒಂದರ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಹೊಸ್ತಿಲಿನ ಹಳಿಯಲ್ಲಿ ಹೇರ್‌ಪಿನ್. ಇನ್ನೊಂದರಲ್ಲಿ ಯಾರೋ ಫ್ಯಾನ್ ಆಫ್ ಮಾಡಿದ್ದರು, ಅಷ್ಟೇ. ಅದಕ್ಕೆ ಮೂರು ಸಲ ಕಂಪ್ಲೇಂಟ್.

ಊಟ ಮಾಡುವಾಗ ನಮ್ಮ ಚರ್ಚಿನ ಸೆಕ್ರೆಟರಿಯ ಮೆಸೇಜ್. ಭಾನುವಾರ ಎರಡನೇ ಆರಾಧನೆಯಲ್ಲಿ ನಾನು ಹತ್ತು ನಿಮಿಷ ಮಾತಾಡಬೇಕು. ಬೈಬಲಿನ ಮತ್ತಾಯ, ಐದನೇ ಅಧ್ಯಾಯ, ವಾಕ್ಯ ಇಪ್ಪತ್ತಮೂರು ಮತ್ತು ಇಪ್ಪತ್ತನಾಲ್ಕು. ಕೈ ಒರೆಸಿಕೊಂಡು ಫೋನಿನಲ್ಲೇ ತೆಗೆದು ಓದಿದೆ. ಕಾಣಿಕೆ ಹಿಡಿದು ವೇದಿಯ ಮುಂದೆ ನಿಂತಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು. ಮೊದಲು ಅವನ ಜೊತೆ ಒಂದಾಗು.

ಊಟ ಸೇರಲಿಲ್ಲ.

ಮಾರ್ಚ್ 5, ಬುಧವಾರ

ಪಾಸ್ಟರ್‌ಗೆ ಫೋನ್ ಮಾಡಿದೆ. ಬೇರೆ ವಾಕ್ಯ ಕೊಡಿ ಎಂದೆ. ನನ್ನ ಮನೆಯ ಕಥೆ ಅವರಿಗೆ ಗೊತ್ತು, ಬೇಕೆಂದೇ ಕೊಟ್ಟಿದ್ದಾರೆ ಎಂದುಕೊಂಡಿದ್ದೆ.

"ಅಯ್ಯೋ, ಪಟ್ಟಿ ಮಾಡಿದ್ದು ಸೆಕ್ರೆಟರಿ ಕಣಪ್ಪ. ನನಗೂ ಈಗಲೇ ಗೊತ್ತಾಗ್ತಿರೋದು. ಬದಲಾಯಿಸ್ಲಾ?"

ಬೇಡ, ಇರಲಿ ಎಂದುಬಿಟ್ಟೆ. ಯಾಕೆ ಹಾಗೆಂದೆನೋ! ನನ್ನ ಕಾಲ ಮೇಲೆ ನಾನೇ ಕೊಡಲಿ ಹಾಕಿಕೊಂಡೆ.

ಮಾರ್ಚ್ 7, ಶುಕ್ರವಾರ

ಭಾನುವಾರದ ಮಾತಿಗೆಂದು ಎರಡು ಹಾಳೆ ಬರೆದೆ, ಹರಿದೆ. ಮೂರನೆಯದನ್ನು ಹೆಂಡತಿ ಬಗ್ಗಿ ನೋಡಿದಳು. "ಇದೇನ್ರೀ, ಬರೀ ಬ್ರೇಕ್ ಬ್ರೇಕ್ ಅಂತಿದೆ. ಬೈಬಲ್ ಎಲ್ಲಿ?"

ಬ್ರೇಕ್ ವಿಷಯವೇ ತಾನೇ. ಅಣ್ಣ ನನಗೆ ಕೆಲಸ ಕಲಿಸಿದವನು. ಒಂದೇ ಕಂಪನಿ, ಒಂದೇ ವ್ಯಾನು, ಹದಿನಾಲ್ಕು ವರ್ಷ. ಎರಡು ವರ್ಷದ ಹಿಂದೆ ಒಂದು ನಾಲ್ಕು ಮಹಡಿಯ ಕಟ್ಟಡದಲ್ಲಿ ಬ್ರೇಕ್ ಇರುವ ಮೇಲಿನ ಮಶೀನ್ ರೂಮಿಗೆ ಹತ್ತದೆಯೇ 'ಬ್ರೇಕ್ ಸರಿ ಇದೆ' ಎಂದು ಟಿಕ್ ಹಾಕಿ ಸಹಿ ಮಾಡಿದ. ಬ್ರೇಕ್ ಸವೆದಿತ್ತು. ಹನ್ನೊಂದನೇ ದಿನಕ್ಕೆ ಲಿಫ್ಟ್ ಬಾಗಿಲು ತೆರೆದಿರುವಾಗಲೇ ಒಂದು ಮೊಳ ಜಾರಿತು. ಹೊರಗೆ ಕಾಲಿಡುತ್ತಿದ್ದ ರಿಟೈರ್ಡ್ ಟೀಚರಮ್ಮ ಮುಗ್ಗರಿಸಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಕಂಪನಿಯ ವಿಚಾರಣೆಯಲ್ಲಿ ಕೇಳಿದರು. ಹೇಳಿದೆ. ಮಶೀನ್ ರೂಮಿನ ಕೀ ನನ್ನ ಜೇಬಿನಲ್ಲೇ ಇತ್ತು, ಅವನು ಕೇಳಲೇ ಇಲ್ಲ ಎಂದೆ. ಅಣ್ಣನ ಕೆಲಸ ಹೋಯಿತು. ಅಂದಿನಿಂದ ಮಾತಿಲ್ಲ. ಅಣ್ಣನ ಮನೆಯವರು ಮೊದಲನೇ ಆರಾಧನೆಗೆ, ನಾವು ಎರಡನೆಯದಕ್ಕೆ. ಅದೇ ಬೆಂಚುಗಳು. ಅವರು ಕೂತು ಬಿಸಿ ಮಾಡಿ ಹೋದ ಜಾಗದಲ್ಲಿ ನಾವು ಕೂರುತ್ತೇವೆ.

ಸತ್ಯ ಹೇಳಿದವನು ನಾನು. ಸುಳ್ಳು ಸಹಿ ಅವನದು. ನಾನೇಕೆ ಹೋಗಬೇಕು? ವಾಕ್ಯದಲ್ಲಿ ಯಾರು ಸರಿ, ಯಾರು ತಪ್ಪು ಎಂಬುದೇ ಇಲ್ಲ! ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಹೋಗು, ಅಷ್ಟೇ. ಹೋದಮೇಲೆ ಬಾಗಿಲು ತೆಗೆಯದಿದ್ದರೆ? ಅದೂ ಇಲ್ಲ.

ಮಾರ್ಚ್ 8, ಶನಿವಾರ, ಸಂಜೆ

ಹೋದೆ.

ಅತ್ತಿಗೆ ಬಾಗಿಲು ತೆಗೆದರು. "ಬನ್ನಿ" ಎಂದರು. ಮೊದಲೆಲ್ಲ 'ಬಾರೋ' ಎನ್ನುತ್ತಿದ್ದವರು.

ಅಣ್ಣ ಕಿಟಕಿ ಹತ್ತಿರ ನೆಲದ ಮೇಲೆ ಕೂತು ಯಾರದೋ ಹೊಲಿಗೆ ಮಶೀನ್ ಬಿಚ್ಚಿ ಹರಡಿಕೊಂಡಿದ್ದ. ತಲೆ ಎತ್ತಲಿಲ್ಲ. ನಾನೇ ಶುರು ಮಾಡಿದೆ. "ನೀನು ಎಷ್ಟೇ ಕೋಪ ಮಾಡ್ಕೋ ಅಣ್ಣ. ನಾನು ಸುಳ್ಳು ಹೇಳೋಕಾಗ್ತಿತ್ತಾ?"

"ಸತ್ಯ ಹೇಳಿದ್ದಕ್ಕೆ ಕೋಪ ಅಂತ ನಿಂಗ್ಯಾರು ಹೇಳಿದ್ರು?"

"ಮತ್ತೆ?"

"ಅರ್ಧ ಹೇಳಿದ್ಯಲ್ಲ, ಅದಕ್ಕೆ." ಸ್ಕ್ರೂಡ್ರೈವರ್ ಕೆಳಗಿಟ್ಟ. "ನಾನು ಟಿಕ್ ಹಾಕ್ವಾಗ ನೀನು ಪಕ್ಕದಲ್ಲೇ ಇದ್ದೆ. ಕೀ ಕೊಡು ಅಂತ ನಾನು ಕೇಳ್ಲಿಲ್ಲ. ತಗೋ ಅಂತ ನೀನೂ ಅನ್ಲಿಲ್ಲ. ಇಬ್ಬರಿಗೂ ಮನೆ ಸೇರೋ ಅವಸರ. ಆಫೀಸಲ್ಲಿ ಏನಂದೆ? 'ಟಿಕ್ ಹಾಕಿದ್ದು ಆಗ ಗಮನಿಸ್ಲಿಲ್ಲ ಸಾರ್, ಕೀ ಕೇಳಿಲ್ಲ ಅಂತ ಆಮೇಲೆ ಹೊಳೀತು.' ಹೌದೋ ಅಲ್ವೋ?"

ಒಪ್ಪಿಕೊಳ್ಳಬಹುದಿತ್ತು. ಅದರ ಬದಲು ಕೂಗಾಡಿದೆ. ಸಹಿ ನಿನ್ನದು, ನನ್ನ ಮೇಲೆ ಹಾಕಬೇಡ ಎಂದೆ. ಅತ್ತಿಗೆ ತಂದಿಟ್ಟ ಟೀ ಕುಡಿಯದೆ ಬಂದೆ.

ಮಾರ್ಚ್ 9, ಭಾನುವಾರ

ಮಾತಾಡಿದೆ. ಹನ್ನೆರಡು ನಿಮಿಷ. ಎಷ್ಟು ನಯವಾಗಿ ಬಂತು! ಸಮಾಧಾನ, ಸಹೋದರತ್ವ, ಮೊದಲ ಹೆಜ್ಜೆ... ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಹಿರಿಯರೊಬ್ಬರು ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡರು. ಕಾಣಿಕೆ ಚೀಲ ಬಂದಾಗ ಹಾಕಿ ಮುಂದಕ್ಕೆ ದಾಟಿಸಿದೆ. ಅದಕ್ಕೇ ಹೆಚ್ಚು ಹೇಸಿಗೆಯಾಯಿತು.

ದಾರಿಯಲ್ಲಿ ಹೆಂಡತಿ ಅಂದಳು, "ಚೆನ್ನಾಗಿ ಮಾತಾಡಿದ್ರಿ." ಆಮೇಲೆ ನನಗಿಂತ ಮುಂದೆ ನಡೆದುಬಿಟ್ಟಳು.

ಮಾರ್ಚ್ 21, ಶುಕ್ರವಾರ

ಹನ್ನೆರಡು ದಿನ ಬರೆಯಲಿಲ್ಲ. ಪ್ರಾರ್ಥನೆಯೂ ಮಾಡಲಿಲ್ಲ. ಕೂತರೆ ಆ ಟಿಕ್ ಹಾಕಿದ ಮಧ್ಯಾಹ್ನವೇ ಕಣ್ಣ ಮುಂದೆ. ಅಣ್ಣನ ಪೆನ್ನು ಆ ಚೌಕದ ಮೇಲೆ ಒಂದು ಕ್ಷಣ ನಿಂತಿತ್ತು. ನನ್ನ ಕಡೆ ನೋಡಿದ್ದ. ನಾನು ಟೂಲ್ ಬ್ಯಾಗ್ ಜಿಪ್ ಎಳೆದೆ. ಹೋಗೋಣ ಎಂಬಂತೆ.

ಇವತ್ತು ಇದನ್ನೇ ಒಂದು ಹಾಳೆಯಲ್ಲಿ ಬರೆದು ಸೂಪರ್‌ವೈಸರ್ ಮೇಜಿನ ಮೇಲಿಟ್ಟೆ. ಓದಿ ತಲೆ ಚಚ್ಚಿಕೊಂಡರು.

"ಫೈಲ್ ಮುಚ್ಚಿ ಎರಡು ವರ್ಷ ಆಯ್ತಲ್ಲಯ್ಯಾ. ಯಾಕೆ ಕೆದಕ್ತೀಯ? ನಿಮ್ಮಣ್ಣನಿಗೇನು ಕೆಲಸ ವಾಪಸ್ ಬರುತ್ತಾ?"

"ಇಲ್ಲ ಸಾರ್."

"ಮತ್ತೆ ಯಾರಿಗೆ ಲಾಭ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಹಾಳೆ ವಾಪಸ್ ತೆಗೆದುಕೊಳ್ಳಲು ಐದು ನಿಮಿಷ ಕೊಟ್ಟರು. ತೆಗೆದುಕೊಳ್ಳಲಿಲ್ಲ. ಹಾಗಾದರೆ ಮೇಲಿನವರು ತೀರ್ಮಾನ ಮಾಡುವವರೆಗೂ ಸೈಟಿಗೆ ಹೋಗಬೇಡ ಎಂದರು. ನಿರಾಳವಾಗುತ್ತದೆ ಎಂದುಕೊಂಡಿದ್ದೆ. ಮಣ್ಣು! ಬರೀ ಭಯ. ಹೆಂಡತಿಗೆ ಹೇಳಿದೆ. ಅತ್ತಳು. ಬೈದಳು. ಆಮೇಲೆ ಅವಳೇ ಅಂದಳು, "ಅದರ ಫೋಟೋ ತೆಗ್ದಿದೀರಾ? ಭಾವನಿಗೆ ತೋರ್ಸಿ."

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ಆರಾಧನೆಗೆ ಹೋಗಲಿಲ್ಲ. ಅಣ್ಣನ ಮನೆಗೆ ಹೋದೆ.

ಫೋನ್ ದೂರ ಹಿಡಿದು ಓದಿದ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದ.

"ಇದನ್ನ ಯಾರು ಬರಿ ಅಂದ್ರು?"

"ಯಾರೂ ಇಲ್ಲ."

"ಪೆದ್ದ. ನಿನ್ನನ್ನೂ ತೆಗೀತಾರೆ."

"ತೆಗೀಲಿ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಫೋನ್ ವಾಪಸ್ ಕೊಟ್ಟು ಅಣ್ಣನೇ ಅಂದ, "ನಂದು ನಿಂದು ಹಾಗಿರ್ಲಿ. ಆ ಟೀಚರಮ್ಮನ ಹತ್ರ ಹೋಗಿದ್ಯಾ?"

ಇಲ್ಲ ಎಂದೆ. ಎರಡು ವರ್ಷ ಒಂದು ದಿನವೂ ಅದು ಹೊಳೆದಿರಲಿಲ್ಲ.

"ನಾನು ಮೂರು ಸಲ ಆ ಕಟ್ಟಡದ ಗೇಟ್ ತನಕ ಹೋಗಿ ಬಂದೆ. ಒಬ್ಬನೇ ಮೇಲೆ ಹತ್ತೋಕಾಗ್ಲಿಲ್ಲ ಕಣೋ."

ಅತ್ತಿಗೆ ಒಳಗಿನಿಂದ, "ಇಬ್ರೂ ಊಟಕ್ಕೆ ಏಳ್ರೋ" ಎಂದರು. ಉಂಡೆವು.

ಮಾರ್ಚ್ 27, ಗುರುವಾರ, ಬೆಳಗ್ಗೆ 9:40

ಕಂಪನಿಯಿಂದ ಇನ್ನೂ ಏನೂ ಬಂದಿಲ್ಲ.

ಟೀಚರಮ್ಮ ಹತ್ತೂವರೆಗೆ ಬನ್ನಿ ಎಂದಿದ್ದಾರೆ. ಅಣ್ಣ ಫೋನ್ ಮಾಡಿ ಹೆಸರು ಹೇಳಿದಾಗ ಇನ್ನೊಮ್ಮೆ ಹೇಳಿ ಎಂದರಂತೆ. ಆಮೇಲೆ, ವಾಕರ್ ಹಿಡಿದು ಬಾಗಿಲಿಗೆ ಬರಲು ಸಮಯ ಹಿಡಿಯುತ್ತದೆ, ಬೆಲ್ ಒಂದೇ ಸಲ ಒತ್ತಿ ಎಂದರಂತೆ. ಅಷ್ಟೇ.

ಏನು ಹೇಳಬೇಕೆಂದು ಬರೆದುಕೊಂಡು ಹೋಗೋಣವೆಂದು ಕೂತೆ. ನಾಲ್ಕು ಸಾಲು ಬರೆದು ಹೊಡೆದುಹಾಕಿದೆ. 'ಕ್ಷಮಿಸಿ' ಎಂದು ಶುರು ಮಾಡಿದರೆ ನಮ್ಮ ಭಾರ ಅವರ ತಲೆಗೆ ಕಟ್ಟಿದ ಹಾಗಾಗುತ್ತದೆ. 'ಹೇಗಿದ್ದೀರಿ' ಎನ್ನಲು ಯಾವ ಮುಖ? ಹೋಗು ಎಂದು ಆ ವಾಕ್ಯದಲ್ಲಿ ಹೇಳಿದವನು, ಹೋಗಿ ಏನೆನ್ನಬೇಕೆಂದು ಒಂದು ಮಾತಾದರೂ ಹೇಳಬಾರದಿತ್ತೇ!

ಅಣ್ಣ ಕೆಳಗೆ ಬಂದಿದ್ದಾನೆ. "ಏನೋ, ಬರ್ತಿದ್ಯಾ?" ಎಂದು ಎರಡನೇ ಸಲ ಕೂಗುತ್ತಿದ್ದಾನೆ. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದಾನೆ. ಅವನಿಗೂ ಏನು ಹೇಳಬೇಕೋ ಗೊತ್ತಿಲ್ಲವಂತೆ.

ಮೊದಲ ಸಾಲಾದರೂ ಬರೆದುಕೊಂಡು ಏಳುತ್ತೇನೆ.

ಅಮ್ಮಾ, ನಾವಿಬ್ಬರೂ ಅವತ್ತು ಆ ಬ್ರೇಕ್ ನೋಡಲೇ ಇಲ್ಲ.